ಮತ್ತೆ ಅದೇ ಹಳಿಯ ಮೇಲೆ: ಮೆಚ್ಚಿದ ರೈಲುಮಾರ್ಗವನ್ನು ಮಾದರಿಯಲ್ಲಿ ಕಟ್ಟುವ ಅಭ್ಯಾಸ

ಆಟದ ರೈಲು ಬೇರೆ, ಮಾದರಿ ರೈಲು ಬೇರೆ. ಜಾತ್ರೆಯಲ್ಲಿ ಕೊಂಡ, ಕೀಲಿ ಕೊಡುವ ಗಾಡಿ ಯಾವ ಊರಿಗೂ ಸೇರಿದ್ದಲ್ಲ. ಅದು ಸುಮ್ಮನೆ ಸುತ್ತುತ್ತದೆ, ಮಗು ಚಪ್ಪಾಳೆ ತಟ್ಟುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಮಾದರಿ ರೈಲು ಹಾಗಲ್ಲ. ಅದರ ಹಿಂದೆ ನಿಜವಾಗಿ ಓಡಿದ ಒಂದು ಗಾಡಿ, ನಿಜವಾದ ಒಂದು ಊರು, ನಿಜವಾದ ಒಂದು ಕಾಲ ಇರುತ್ತವೆ. ಆ ನಿಜವಾದದ್ದನ್ನು ಮಾದರಿಗಾರರು ಪ್ರೊಟೊಟೈಪ್ ಎನ್ನುತ್ತಾರೆ. ನಾವು ಇಲ್ಲಿ ಅದನ್ನು ‘ಮೂಲ’ ಎಂದು ಕರೆಯೋಣ.

ಅನೇಕ ದೇಶಗಳಲ್ಲಿ ಗುಮಾಸ್ತರು, ಕಾರ್ಖಾನೆಯ ಕೆಲಸಗಾರರು, ಉಪಾಧ್ಯಾಯರು, ಪಾದ್ರಿಗಳು ಬಿಡುವಿನ ವೇಳೆಯಲ್ಲಿ ಮಾದರಿ ರೈಲು ಕಟ್ಟುತ್ತಾರೆ. ಅವರಲ್ಲಿ ಒಂದು ವಿಶೇಷವನ್ನು ಕಾಣುತ್ತೇವೆ. ಹಲವು ಮೂಲಗಳನ್ನು ಮುಟ್ಟಿ ನೋಡಿದವರೂ ಕೆಲವು ವರ್ಷಗಳ ಮೇಲೆ ಮೊದಲು ಮೆಚ್ಚಿದ ಮಾರ್ಗಕ್ಕೇ ಮರಳುತ್ತಾರೆ. ಅದೇ ನಿಲ್ದಾಣ, ಅದೇ ಎಂಜಿನು, ಅದೇ ಸೇತುವೆ. ಒಮ್ಮೆ ಕಟ್ಟಿ ಮುಗಿಸಿದ್ದನ್ನು ಮತ್ತೆ ಕಟ್ಟುವುದರಿಂದ ಏನು ಲಾಭ ಎಂದು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಪಾಠದ ಉದ್ದೇಶ. ಉದಾಹರಣೆಗೆ ಇಂಗ್ಲೆಂಡಿನ ಒಂದು ಪುಟ್ಟ ರೈಲುಮಾರ್ಗವನ್ನು ತೆಗೆದುಕೊಂಡಿದೆ. ದೂರದ ಮಾತೆಂದು ವಾಚಕರು ಪುಟ ಮಗುಚಬಾರದು. ಆ ಮಾರ್ಗದ ಬೇರು ಇರುವುದು ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯಲ್ಲಿ.

1. ಪ್ರಮಾಣ ಮತ್ತು ಗೇಜು

ಕಥೆಗೆ ಮೊದಲು ಲೆಕ್ಕ. ಮಾದರಿಗಾರನು ಎರಡು ಮಾತುಗಳನ್ನು ಬೇರೆಬೇರೆಯಾಗಿ ತಿಳಿದಿರಬೇಕು. ಮೊದಲನೆಯದು ಪ್ರಮಾಣ. ನಿಜವಾದ ವಸ್ತುವಿನ ಒಂದು ಅಡಿಗೆ ಮಾದರಿಯಲ್ಲಿ ಎಷ್ಟು ಎಂಬುದೇ ಪ್ರಮಾಣ. ಇಂಗ್ಲೆಂಡಿನಲ್ಲಿ ಬಹಳ ಬಳಕೆಯಲ್ಲಿರುವ ಪ್ರಮಾಣ ಒಂದು ಅಡಿಗೆ 4 ಮಿಲಿಮೀಟರು. ಅಂದರೆ ಸುಮಾರು 76ರಲ್ಲಿ ಒಂದು ಪಾಲು. ಯೂರೋಪಿನ ಉಳಿದ ದೇಶಗಳಲ್ಲಿಯೂ ಅಮೆರಿಕದಲ್ಲಿಯೂ ಒಂದು ಅಡಿಗೆ ಮೂರೂವರೆ ಮಿಲಿಮೀಟರು, ಅಂದರೆ 87ರಲ್ಲಿ ಒಂದು ಪಾಲು, ಹೆಚ್ಚು ಬಳಕೆಯಲ್ಲಿದೆ.

ಎರಡನೆಯದು ಗೇಜು, ಎರಡು ಹಳಿಗಳ ಒಳಮೈಗಳ ನಡುವಿನ ಅಂತರ. ನಮ್ಮ ದೇಶದ ಬ್ರಾಡ್‌ಗೇಜು 5 ಅಡಿ 6 ಅಂಗುಲ. ಮೀಟರ್‌ಗೇಜು 3 ಅಡಿ 3 ಅಂಗುಲಕ್ಕೆ ತುಸು ಹೆಚ್ಚು. ಕಿರಿಯ ಗೇಜುಗಳಲ್ಲಿ 2 ಅಡಿ 6 ಅಂಗುಲದ್ದು ಒಂದು, 2 ಅಡಿಯದು ಇನ್ನೊಂದು. ಅಡಿಗೆ 4 ಮಿಲಿಮೀಟರಿನ ಪ್ರಮಾಣ ಹಿಡಿದರೆ ಇವು ಕ್ರಮವಾಗಿ 22, ಸುಮಾರು 13, 10 ಮತ್ತು 8 ಮಿಲಿಮೀಟರು ಆಗುತ್ತವೆ. ಗುಣಾಕಾರ ಬಂದವರಿಗೆ ಇದು ಕಷ್ಟವಲ್ಲ.

ಕಷ್ಟ ಬರುವುದು ಅಂಗಡಿಯಲ್ಲಿ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಸಣ್ಣ ಹಳಿಯ ಅಗಲ 9 ಮಿಲಿಮೀಟರು. ಅದನ್ನು ಮಾಡಿರುವುದು ಇನ್ನೂ ಚಿಕ್ಕ ಪ್ರಮಾಣದ ದೊಡ್ಡ ರೈಲುಗಳಿಗಾಗಿ. ಕಿರುಗೇಜಿನ ಮಾದರಿಗಾರರು ಆ ಹಳಿಯನ್ನೇ ತಂದು, ಅದರ ಮೇಲೆ 4 ಮಿಲಿಮೀಟರು ಪ್ರಮಾಣದ ಗಾಡಿಗಳನ್ನು ಓಡಿಸುತ್ತಾರೆ. 9ನ್ನು 4ರಿಂದ ಭಾಗಿಸಿದರೆ 2 ಅಡಿ 3 ಅಂಗುಲ ಬರುತ್ತದೆ. 2 ಅಡಿ 6 ಅಂಗುಲದ ಮಾರ್ಗಕ್ಕೆ ಅದು ತುಸು ಕಡಿಮೆ, 2 ಅಡಿಯದಕ್ಕೆ ತುಸು ಹೆಚ್ಚು. ಇಷ್ಟು ತಪ್ಪನ್ನು ಒಪ್ಪುವುದೋ, ಹಳಿಯನ್ನು ಕೈಯಾರೆ 10 ಮಿಲಿಮೀಟರಿಗೆ ಜೋಡಿಸಿಕೊಳ್ಳುವುದೋ? ಮೊದಲ ಸಲ ಕಟ್ಟುವವನು ಒಪ್ಪುತ್ತಾನೆ. ಮರಳಿ ಬಂದವನು ಯೋಚಿಸುತ್ತಾನೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟು ಮುಂದೆ ಹೋಗೋಣ.

2. ಬಾರ್ಸಿಯ ಕಿರುರೈಲು

ಮುಂಬಯಿ, ಪುಣೆಗಳಿಂದ ಸೊಲ್ಲಾಪುರದ ಮೇಲೆ ಕಲಬುರಗಿ, ವಿಜಯಪುರಗಳ ಕಡೆಗೆ ಹೋಗುವವರು ಕುರ್ಡುವಾಡಿಯನ್ನು ದಾಟಿಯೇ ಹೋಗಬೇಕು. ಈ ಕುರ್ಡುವಾಡಿಯಿಂದ ಹತ್ತಿಯ ಪೇಟೆಯಾದ ಬಾರ್ಸಿಗೆ 1897ರಲ್ಲಿ 2 ಅಡಿ 6 ಅಂಗುಲದ ಒಂದು ಕಿರುರೈಲು ಆರಂಭವಾಯಿತು. ಅದನ್ನು ಯೋಜಿಸಿದವನು ಎವೆರಾರ್ಡ್ ಕ್ಯಾಲ್‌ತ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರು. 1857ರಲ್ಲಿ ಹುಟ್ಟಿದ ಈತ 1882ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಕೆಲಸಕ್ಕೆ ನಮ್ಮ ದೇಶಕ್ಕೆ ಬಂದಿದ್ದನು.

ಕ್ಯಾಲ್‌ತ್ರಾಪನ ವಿಚಾರ ಸರಳವಾಗಿತ್ತು. ಚಿಕ್ಕ ರೈಲು ಎಂದರೆ ದೊಡ್ಡ ರೈಲಿನ ಬಡ ತಮ್ಮನಲ್ಲ. ಅದಕ್ಕೆ ಅದರದೇ ಲೆಕ್ಕಾಚಾರ ಬೇಕು ಎಂಬುದು ಅವನ ವಾದ. ಹಳಿಯನ್ನು ಮುರಿಯುವುದು ಗಾಡಿಯ ಒಟ್ಟು ಭಾರವಲ್ಲ, ಒಂದೊಂದು ಅಚ್ಚಿನ ಮೇಲೆ ಬೀಳುವ ಭಾರ. ಆದ್ದರಿಂದ ಎಂಜಿನಿರಲಿ, ಸರಕಿನ ವ್ಯಾಗನ್ನಿರಲಿ, ಯಾವ ಅಚ್ಚಿನ ಮೇಲೂ 5 ಟನ್ನಿಗಿಂತ ಹೆಚ್ಚು ಬೀಳದಂತೆ ಅವನು ಎಲ್ಲವನ್ನೂ ರೂಪಿಸಿದನು. ಇದರಿಂದ ಗಜಕ್ಕೆ 30 ಪೌಂಡು ತೂಗುವ ಹಗುರವಾದ ಹಳಿಯೇ ಸಾಕಾಯಿತು. ಎಂಜಿನಿಗೆ ನಾಲ್ಕು ಜೋಡಿ ಚಾಲಕಗಾಲಿಗಳನ್ನು ಕೊಟ್ಟು ಭಾರವನ್ನು ಹಂಚಿದನು. ವ್ಯಾಗನ್ನುಗಳಿಗೆ ಒತ್ತಿ ಮಡಿಸಿದ ಉಕ್ಕಿನ ಚೌಕಟ್ಟು ಹಾಕಿಸಿ ಸ್ವಂತ ತೂಕವನ್ನು ತಗ್ಗಿಸಿದನು. ತನ್ನ ಗಾಡಿಗಳನ್ನು ಹಡಗಿಗೆ ಏರಿಸುವ ಮೊದಲು ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಹತ್ತಿರ ಹಳಿ ಹಾಸಿ ಓಡಿಸಿ ತೋರಿಸಿದನು.

ಬಾರ್ಸಿ ಮಾರ್ಗ ಬೆಳೆಯಿತು. 1906ರಲ್ಲಿ ಪಂಢರಾಪುರವನ್ನು ಮುಟ್ಟಿತು; 1911ರಲ್ಲಿ ಲಾತೂರನ್ನು, 1927ರಲ್ಲಿ ಮೀರಜನ್ನು ಸೇರಿತು. ಒಟ್ಟು ಉದ್ದ ಸುಮಾರು 325 ಕಿಲೋಮೀಟರು. ಹರಿದಾಸರು ಹಾಡಿದ ವಿಠಲನ ಊರು ಕನ್ನಡಿಗರಿಗೆ ಹೊಸದಲ್ಲ. ಆಷಾಢ, ಕಾರ್ತಿಕ ಏಕಾದಶಿಗಳಿಗೆ ಹೋಗುವ ಯಾತ್ರಿಕರನ್ನು ಈ ಪುಟ್ಟ ಗಾಡಿಗಳು ತಲೆಮಾರುಗಳವರೆಗೆ ಹೊತ್ತವು. 1954ರಲ್ಲಿ ಸರ್ಕಾರ ಈ ಮಾರ್ಗವನ್ನು ಕೊಂಡುಕೊಂಡಿತು. 2000ದಿಂದೀಚೆಗೆ ಭಾಗಭಾಗವಾಗಿ ಅದನ್ನೆಲ್ಲ ಬ್ರಾಡ್‌ಗೇಜಿಗೆ ಬದಲಾಯಿಸಲಾಯಿತು. ಹಳೆಯ ಕಿರುಹಳಿ ಈಗ ಇಲ್ಲ.

3. ಎಂಜಿನಿಯರನೇ ಮರಳಿ ಬಂದ ಬಗೆ

ಬಾರ್ಸಿಯಲ್ಲಿ ಗೆದ್ದ ಕ್ಯಾಲ್‌ತ್ರಾಪನಿಗೆ ತನ್ನ ದೇಶದಲ್ಲಿಯೇ ಅದನ್ನು ಮಾಡಿ ತೋರಿಸುವ ಅವಕಾಶ ಬಂದಿತು. ಮಧ್ಯ ಇಂಗ್ಲೆಂಡಿನ ಸ್ಟ್ಯಾಫರ್ಡ್‌ಷೈರಿನಲ್ಲಿ ಲೀಕ್ ಎಂಬ ರೇಷ್ಮೆಯ ಊರಿದೆ. ಅದರ ಪೂರ್ವಕ್ಕೆ ಸುಣ್ಣಕಲ್ಲಿನ ಬೆಟ್ಟಗಳ ನಡುವೆ ಹ್ಯಾಂಪ್ಸ್, ಮ್ಯಾನಿಫೋಲ್ಡ್ ಎಂಬ ಎರಡು ಹೊಳೆಗಳ ಕಣಿವೆ. ಬೇಸಿಗೆಯಲ್ಲಿ ಮ್ಯಾನಿಫೋಲ್ಡ್ ಹೊಳೆ ನೆಲದೊಳಕ್ಕೆ ಇಂಗಿ ಮಾಯವಾಗಿ, ಕೆಳಗೆ ಮತ್ತೆಲ್ಲೋ ಹೊರಬೀಳುತ್ತದೆ. ಈ ಕಣಿವೆಯಲ್ಲಿ ವಾಟರ್‌ಹೌಸಸ್ ಎಂಬಲ್ಲಿಂದ ಹ್ಯೂಮ್ ಎಂಡ್ ಎಂಬ ಹಳ್ಳಿಯವರೆಗೆ ಎಂಟೂಕಾಲು ಮೈಲಿಯ ‘ಲೀಕ್ ಮತ್ತು ಮ್ಯಾನಿಫೋಲ್ಡ್ ಕಣಿವೆಯ ಲಘು ರೈಲ್ವೆ’ 1904ರ ಜೂನ್ 27ರಂದು ಆರಂಭವಾಯಿತು. ಗೇಜು ಬಾರ್ಸಿಯದೇ, 2 ಅಡಿ 6 ಅಂಗುಲ.

ಇಲ್ಲಿಯೇ ನಮ್ಮ ಪಾಠದ ತಿರುಳು ಇದೆ. ಕ್ಯಾಲ್‌ತ್ರಾಪ್ ಬಾರ್ಸಿಯನ್ನು ಹಾಗೆಯೇ ಎತ್ತಿ ಸ್ಟ್ಯಾಫರ್ಡ್‌ಷೈರಿನಲ್ಲಿ ಇಡಲಿಲ್ಲ. ಗೇಜನ್ನು ಉಳಿಸಿಕೊಂಡನು. ಭಾರ ಹಂಚುವ ತತ್ತ್ವವನ್ನು ಉಳಿಸಿಕೊಂಡನು. ಎಂಜಿನುಗಳನ್ನು ಬಾರ್ಸಿಗೆ ಮಾಡಿಕೊಟ್ಟ ಕಿಟ್ಸನ್ ಕಂಪೆನಿಯಿಂದಲೇ ಮಾಡಿಸಿದನು. ಅವುಗಳ ನೆತ್ತಿಯ ಮೇಲೆ ಇಂಡಿಯಾದ ಗಾಡಿಗಳಿಗಿದ್ದಂಥ ದೊಡ್ಡ ಮುಂದೀಪವೂ ಬಂದಿತು. ಆದರೆ ಇಲ್ಲಿ ಹತ್ತಿಯ ಹೊರೆಯಿಲ್ಲ, ಯಾತ್ರೆಯ ಜನಸಂದಣಿಯಿಲ್ಲ. ಇದ್ದದ್ದು ಹಾಲು, ರಜಾದಿನಗಳಲ್ಲಿ ಪಿಂಗಾಣಿ ಕಾರ್ಖಾನೆಗಳ ಊರುಗಳಿಂದ ಗಾಳಿ ಸವಿಯಲು ಬರುವ ಜನ. ಆದ್ದರಿಂದ ನಾಲ್ಕು ಜೋಡಿ ಚಾಲಕಗಾಲಿಗಳ ಬದಲು ಮೂರು ಜೋಡಿ ಸಾಕೆಂದನು. ಗಾಡಿಯ ಡಬ್ಬಿಗಳಿಗೆ ಬೆಣ್ಣೆಯಂಥ ಹಳದಿ ಬಣ್ಣ ಬಳಿಸಿದರು.

ಅವನ ಇನ್ನೊಂದು ಹೊಸ ಉಪಾಯ ಇದು. ದೊಡ್ಡ ರೈಲಿನ ವ್ಯಾಗನ್ನಿನಿಂದ ಸರಕು ಇಳಿಸಿ ಚಿಕ್ಕ ರೈಲಿಗೆ ತುಂಬುವುದು ಖರ್ಚಿನ ಕೆಲಸ. ಅದಕ್ಕೆ ಬದಲಾಗಿ, ತಗ್ಗಾದ ಒಂದು ಕಿರುಗಾಡಿಯ ಬೆನ್ನ ಮೇಲೆ ದೊಡ್ಡ ವ್ಯಾಗನ್ನನ್ನೇ ಇಡಿಯಾಗಿ ಹತ್ತಿಸಿ ಒಯ್ಯುವ ಏರ್ಪಾಡು ಮಾಡಿದನು. ಅಣ್ಣನನ್ನು ಹೆಗಲ ಮೇಲೆ ಹೊತ್ತ ತಮ್ಮನಂತೆ ಈ ಸಣ್ಣ ಗಾಡಿ ಕಣಿವೆಯಲ್ಲಿ ಸಾಗುತ್ತಿತ್ತು. ಮಾರ್ಗದ ಕೆಲವು ನಿಲ್ದಾಣಗಳಲ್ಲಿ ದೊಡ್ಡ ಗೇಜಿನ ಮೋಟು ಹಳಿಯೊಂದು ಹಾಕಿರುತ್ತಿದ್ದರು. ವ್ಯಾಗನ್ನನ್ನು ಅಲ್ಲಿಗೆ ಇಳಿಸಿ ಬಿಟ್ಟುಹೋಗಬಹುದಾಗಿತ್ತು.

ಮೆಚ್ಚಿದ್ದಕ್ಕೆ ಮರಳುವುದೆಂದರೆ ಇದು. ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು, ಏನನ್ನು ಹೊಸದಾಗಿ ಸೇರಿಸಬೇಕು ಎಂಬ ಮೂರು ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಿಕೊಳ್ಳುವುದು. ಕೇಳಿಕೊಳ್ಳದೆ ಮಾಡಿದ್ದು ಬರಿಯ ನಕಲು.

ಮಾರ್ಗದ ಬಾಳು ಮಾತ್ರ ಚಿಕ್ಕದಾಯಿತು. ಮೋಟಾರು ಲಾರಿಗಳು ಬಂದವು. ಹಾಲಿನ ಸಾಗಾಟ 1932ರಲ್ಲಿ ನಿಂತುಹೋಯಿತು. 1934ರ ಮಾರ್ಚಿನಲ್ಲಿ ರೈಲು ಮುಚ್ಚಿತು. ಇದ್ದ ಎರಡು ಎಂಜಿನುಗಳಲ್ಲಿ ಒಂದಕ್ಕೆ ಕ್ಯಾಲ್‌ತ್ರಾಪನ ಹೆಸರನ್ನೂ ಇನ್ನೊಂದಕ್ಕೆ ಸ್ಥಳದ ಎಂಜಿನಿಯರನಾಗಿದ್ದ ಜೆ. ಬಿ. ಅರ್ಲ್ ಎಂಬವನ ಹೆಸರನ್ನೂ ಇಟ್ಟಿದ್ದರು. ಎರಡೂ ಗುಜರಿಗೆ ಹೋದವು. ಹಳಿ ಕಿತ್ತ ದಾರಿಯನ್ನು 1937ರಲ್ಲಿ ಕಾಲುದಾರಿಯಾಗಿ ಜನರಿಗೆ ಬಿಟ್ಟುಕೊಟ್ಟರು. ಇಂದಿಗೂ ಅಲ್ಲಿ ಜನ ನಡೆಯುತ್ತಾರೆ, ಸೈಕಲ್ ಹೊಡೆಯುತ್ತಾರೆ.

4. ಮಾದರಿಗಾರರಿಗೆ ಇದೇ ಏಕೆ ಮೆಚ್ಚುಗೆ?

ಮೂವತ್ತು ವರ್ಷವೂ ತುಂಬದೆ ಮುಚ್ಚಿದ ಈ ಮಾರ್ಗವನ್ನು ಇಂಗ್ಲೆಂಡಿನ ಮಾದರಿಗಾರರು ಮತ್ತೆ ಮತ್ತೆ ಕಟ್ಟುತ್ತಿದ್ದಾರೆ. ಕಾರಣಗಳು ಬರಿಯ ಅಕ್ಕರೆಯವಲ್ಲ, ಲೆಕ್ಕದವೂ ಹೌದು.

ಮೊದಲನೆಯದಾಗಿ, ಇದು ಮುಗಿಸಬಹುದಾದ ಮೂಲ. ಇಡೀ ರೈಲ್ವೆಯಲ್ಲಿ ಇದ್ದದ್ದು ಎರಡು ಎಂಜಿನು, ನಾಲ್ಕು ಪ್ರಯಾಣಿಕರ ಡಬ್ಬಿ, ಕೈಬೆರಳಲ್ಲಿ ಎಣಿಸಬಹುದಾದ ವ್ಯಾಗನ್ನು. ಸಂಬಳದಲ್ಲಿ ಬದುಕುವ ಮನುಷ್ಯನೂ ಕೆಲವು ವರ್ಷಗಳಲ್ಲಿ ಅದರ ಎಲ್ಲ ಗಾಡಿಗಳನ್ನು ಒಂದೂ ಬಿಡದಂತೆ ಮಾಡಿ ಮುಗಿಸಬಹುದು. ನಮ್ಮ ದಕ್ಷಿಣ ರೈಲ್ವೆಯನ್ನೋ ಮಧ್ಯ ರೈಲ್ವೆಯನ್ನೋ ಹೀಗೆ ಮುಗಿಸಲು ಯಾರಿಂದ ಸಾಧ್ಯ?

ಎರಡನೆಯದು ಸ್ಥಳ. ನಮ್ಮ ಬ್ರಾಡ್‌ಗೇಜಿನ ಪ್ರಯಾಣಿಕರ ಡಬ್ಬಿಯೊಂದು ಸುಮಾರು 70 ಅಡಿ ಉದ್ದ. 4 ಮಿಲಿಮೀಟರು ಪ್ರಮಾಣದಲ್ಲಿ 28 ಸೆಂಟಿಮೀಟರು. ಇಪ್ಪತ್ತು ಡಬ್ಬಿಗಳ ಎಕ್ಸ್‌ಪ್ರೆಸ್ ಗಾಡಿಗೆ ಐದೂವರೆ ಮೀಟರಿಗೂ ಮಿಕ್ಕಿ ಜಾಗ ಬೇಕು. ನಮ್ಮಲ್ಲಿ ಅನೇಕರ ಖೋಲಿಯೇ ಅಷ್ಟಿಲ್ಲ. ಲೀಕ್ ಮಾರ್ಗದ ಡಬ್ಬಿ 42 ಅಡಿ. ಮಾದರಿಯಲ್ಲಿ 17 ಸೆಂಟಿಮೀಟರಿಗೆ ತುಸು ಕಡಿಮೆ. ಒಂದು ಎಂಜಿನು, ಎರಡು ಡಬ್ಬಿ ಸೇರಿದ ಪೂರ್ತಿ ರೈಲು ಎರಡು ಅಡಿಯ ಹಲಗೆಯ ಮೇಲೆ ನಿಲ್ಲುತ್ತದೆ.

ಮೂರನೆಯದು ಕೆಲಸದ ರುಚಿ. ವ್ಯಾಗನ್ನಿನ ಮೇಲೆ ವ್ಯಾಗನ್ನು ಹತ್ತಿಸುವ ಏರ್ಪಾಡಿನಿಂದ ಎರಡು ಗೇಜುಗಳು ಒಂದೇ ಅಂಗಳದಲ್ಲಿ ಕೂಡುತ್ತವೆ. ಹಾಲಿನ ಗಾಡಿ, ವಿಹಾರದ ಗಾಡಿ, ಸರಕಿನ ಗಾಡಿ ಎಂದು ದಿನದ ವೇಳಾಪಟ್ಟಿಯನ್ನು ಹಾಕಿಕೊಳ್ಳಬಹುದು. ಸುಮ್ಮನೆ ಸುತ್ತುವ ಆಟಿಕೆಯಲ್ಲಿ ಈ ರುಚಿ ಇಲ್ಲ.

5. ಮೊದಲ ಸಲ, ಎರಡನೆಯ ಸಲ, ಮೂರನೆಯ ಸಲ

ಒಬ್ಬ ಮಾದರಿಗಾರನು ಈ ಮಾರ್ಗಕ್ಕೆ ಮೂರು ಸಲ ಬಂದನೆಂದು ಇಟ್ಟುಕೊಳ್ಳೋಣ.

ಮೊದಲ ಸಲ ಅವನಿಗೆ ಎಲ್ಲವೂ ಬೇಕು. ಎಂಟೂಕಾಲು ಮೈಲಿಯನ್ನು 76ರಲ್ಲಿ ಒಂದು ಪಾಲಿಗೆ ಇಳಿಸಿದರೂ ಸುಮಾರು 175 ಮೀಟರು ಉಳಿಯುತ್ತದೆ. ಅದು ಒಂದು ಬೀದಿಯ ಉದ್ದ. ಆದರೂ ಅವನು ಎರಡು ಕೊನೆಯ ನಿಲ್ದಾಣ, ಸುರಂಗ, ಸೇತುವೆ, ಗುಹೆ ಎಲ್ಲವನ್ನೂ ಒಂದು ಮೇಜಿನ ಮೇಲೆ ತುರುಕುತ್ತಾನೆ. ಗಾಡಿ ಹೊರಟಿತೋ ಇಲ್ಲವೋ, ಮುಂದಿನ ಊರು ಬಂದೇಬಿಟ್ಟಿತು. ಪ್ರಯಾಣವೇ ಇಲ್ಲವಾಯಿತು.

ಎರಡನೆಯ ಸಲ ಅವನು ನಕ್ಷೆ, ಹಳೆಯ ಚಿತ್ರಗಳನ್ನು ಓದಿ ಬಂದಿರುತ್ತಾನೆ. ಒಂದೇ ನಿಲ್ದಾಣವನ್ನು ಆರಿಸುತ್ತಾನೆ. ಹ್ಯೂಮ್ ಎಂಡನ್ನು ಎನ್ನೋಣ. ಎಂಜಿನಿನ ಮನೆ, ಡಬ್ಬಿಗಳ ಮನೆ, ಟಿಕೆಟಿನ ಕಟ್ಟೆ ಇಷ್ಟನ್ನೇ ಸರಿಯಾಗಿ ಮಾಡುತ್ತಾನೆ. ಹಳಿಯನ್ನು 9 ಮಿಲಿಮೀಟರಿನದೇ ಇಡುವುದೋ, 10ಕ್ಕೆ ಸರಿಪಡಿಸುವುದೋ ಎಂಬ ಪ್ರಶ್ನೆ ಈಗ ಏಳುತ್ತದೆ. ಉತ್ತರ ಯಾವುದೇ ಆಗಲಿ, ಪ್ರಶ್ನೆ ಎದ್ದದ್ದೇ ಬೆಳವಣಿಗೆ.

ಮೂರನೆಯ ಸಲ ಅವನು ಇನ್ನೂ ಕಡಿಮೆಯನ್ನು ಕೇಳುತ್ತಾನೆ. ವೆಟನ್ ಮಿಲ್ ಎಂಬ ಹಾದಿಬದಿಯ ನಿಲ್ದಾಣ, ಅಥವಾ ಥಾರ್ ಗುಹೆಯ ಬುಡ. ಈ ಗುಹೆಯ ಬಾಯಿ ಹೊಳೆಯಿಂದ ಸುಮಾರು 80 ಮೀಟರು ಎತ್ತರದ ಬಂಡೆಯಲ್ಲಿದೆ. ಮಾದರಿಯಲ್ಲಿ ಅದಕ್ಕೆ ಒಂದು ಮೀಟರಿಗೂ ಹೆಚ್ಚು ಎತ್ತರ ಬೇಕು. ಎರಡು ಅಡಿಯ ಹಲಗೆಯ ಮೇಲೆ ಒಂದು ಮೀಟರಿನ ಬಂಡೆ ಹೇಗಿರುತ್ತದೆ? ಮೊದಲ ಸಲ ಬಂದವನು ಬಂಡೆಯನ್ನು ಗೇಣುದ್ದಕ್ಕೆ ಕತ್ತರಿಸುತ್ತಿದ್ದ. ಈಗ ಅವನು ಬಂಡೆಯನ್ನೇ ದೊಡ್ಡದು ಮಾಡಿ, ರೈಲನ್ನು ಅದರ ಬುಡದಲ್ಲಿ ಚಿಕ್ಕದಾಗಿ ಇರಗೊಡುತ್ತಾನೆ. ನಿಜವಾದ ಕಣಿವೆಯಲ್ಲಿಯೂ ರೈಲು ಹಾಗೆಯೇ ಇತ್ತು. ಮೂರನೆಯ ಮಾದರಿಯಲ್ಲಿ ವಸ್ತುಗಳು ಕಡಿಮೆ, ತಿಳುವಳಿಕೆ ಹೆಚ್ಚು.

6. ಡೆನ್ನಿಯವರ ದೀರ್ಘ ಅಭ್ಯಾಸ

ಹೀಗೆ ಒಂದನ್ನೇ ಹಿಡಿದು ಬಾಳಿದವರಲ್ಲಿ ಇಂಗ್ಲೆಂಡಿನ ಪಾದ್ರಿ ಪೀಟರ್ ಡೆನ್ನಿಯವರ ಹೆಸರು ದೊಡ್ಡದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅವರು ಗ್ರೇಟ್ ಸೆಂಟ್ರಲ್ ರೈಲ್ವೆಯನ್ನು ಮೂಲವಾಗಿ ಆರಿಸಿಕೊಂಡರು. ಬಕಿಂಗ್‌ಹ್ಯಾಮ್ ಪಟ್ಟಣಕ್ಕೆ ಆ ರೈಲ್ವೆಯ ಕವಲು ನಿಜವಾಗಿ ಇರಲಿಲ್ಲ. ಇದ್ದಿದ್ದರೆ ಹೇಗಿರುತ್ತಿತ್ತು ಎಂದು ಕಲ್ಪಿಸಿ ಕಟ್ಟಿದರು. ಕಾಲವನ್ನು 1907ರ ಸುಮಾರಿಗೆ ನಿಲ್ಲಿಸಿದರು. ಊರು ಕಲ್ಪನೆಯದಾದರೂ ಗಾಡಿಯ ಬಣ್ಣ, ಸಿಗ್ನಲಿನ ರೀತಿ, ವೇಳಾಪಟ್ಟಿ ಎಲ್ಲವೂ ಮೂಲಕ್ಕೆ ಬದ್ಧವಾಗಿದ್ದವು.

ಸಾಮಾನ್ಯವಾಗಿ ಸಿಗುವ 16.5 ಮಿಲಿಮೀಟರಿನ ಹಳಿ ಇಂಗ್ಲೆಂಡಿನ ನಿಜವಾದ ಗೇಜಾದ 4 ಅಡಿ ಎಂಟೂವರೆ ಅಂಗುಲಕ್ಕೆ ಬಹಳ ಕಿರಿದೆಂದು ಅವರು 18 ಮಿಲಿಮೀಟರಿನ ಹಳಿಯನ್ನು ಕೈಯಾರೆ ಹಾಕಿದರು. ಕಟ್ಟಡಗಳನ್ನು ಬಹುಮಟ್ಟಿಗೆ ರಟ್ಟಿನಿಂದ ಮಾಡಿದರು. ಬಕಿಂಗ್‌ಹ್ಯಾಮ್ ನಿಲ್ದಾಣವನ್ನು ಅವರು ಕಳಚಿ ಹೊಸದಾಗಿ ಕಟ್ಟಿದ್ದು ಒಂದೇ ಸಲವಲ್ಲ. ಮುಂದಿನ ನಿಲ್ದಾಣದಲ್ಲಿ ಗಂಟೆ ಬಾರಿಸಿ ಗಾಡಿಯನ್ನು ಒಪ್ಪಿಕೊಳ್ಳುವ ಸಹಾಯಕನಿಲ್ಲದಾಗ ಆ ಕೆಲಸ ಮಾಡಲು ಒಂದು ಯಂತ್ರವನ್ನೇ ರಚಿಸಿ, ಮಗನ ಹೆಸರನ್ನು ಸೇರಿಸಿ ಅದನ್ನು ‘ಆಟೋಮ್ಯಾಟಿಕ್ ಕ್ರಿಸ್ಪಿನ್’ ಎಂದು ಕರೆದರು. 2009ರಲ್ಲಿ ತೀರಿಕೊಂಡ ಅವರು ದಶಕಗಳ ಕಾಲ ಮೂಲವನ್ನು ಬದಲಾಯಿಸಲಿಲ್ಲ. ತಮ್ಮ ಕೈಯನ್ನೂ ಕಣ್ಣನ್ನೂ ಬದಲಾಯಿಸಿಕೊಳ್ಳುತ್ತ ಹೋದರು.

7. ನಮ್ಮ ಪಾಲಿನ ಕೆಲಸ

ಇಷ್ಟನ್ನು ಓದಿ, ‘ಹಳಿ, ಎಂಜಿನುಗಳಿಗೆ ಹಣವೆಲ್ಲಿ?’ ಎಂದು ವಾಚಕರು ಕೇಳಿಯಾರು. ಮಾದರಿ ಓಡಲೇಬೇಕೆಂಬ ನಿಯಮವಿಲ್ಲ. ನಿಂತ ಮಾದರಿಯೂ ಮಾದರಿಯೇ. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ, ಬೂಟಿನ ಪೆಟ್ಟಿಗೆಯ ರಟ್ಟು, ಊದುಬತ್ತಿಯ ಕಡ್ಡಿ, ಗೋಂದು, ಒಂದು ಅಳತೆಪಟ್ಟಿ, ಚೂಪಾದ ಪೆನ್ಸಿಲು ಇವಿಷ್ಟರಿಂದ ಒಂದು ಸ್ಟೇಷನ್ನಿನ ಕಟ್ಟಡವನ್ನು ನಿಲ್ಲಿಸಬಹುದು. ಕಪಾಟಿನ ಮೇಲಿನ 60 ಸೆಂಟಿಮೀಟರು ಜಾಗದಲ್ಲಿ 4 ಮಿಲಿಮೀಟರು ಪ್ರಮಾಣದ 150 ಅಡಿ ನೆಲ ಹಿಡಿಯುತ್ತದೆ. ಹಳ್ಳಿಯ ಸ್ಟೇಷನ್ನಿನ ಕಟ್ಟಡಕ್ಕೆ, ಅದರ ಮುಂದಿನ ಬೇವಿನ ಮರಕ್ಕೆ ಅಷ್ಟು ಸಾಕು.

ಮೂಲವಾಗಿ ಯಾವುದನ್ನು ಆರಿಸಬೇಕು? ಪ್ರತಿಯೊಬ್ಬರೂ ಹೊಟ್ಟೆಪಾಡಿಗೆ ಊರು ಬಿಟ್ಟಾಗ ಗಾಡಿ ಹತ್ತಿದ ಒಂದು ಸ್ಟೇಷನ್ ಇರುತ್ತದೆ. ಅದಕ್ಕಿಂತ ಮೆಚ್ಚಿನ ಮೂಲ ಬೇರೆ ಬೇಡ. ಆದರೆ ಅದನ್ನು ಅಭ್ಯಾಸ ಮಾಡಲು ತಡಮಾಡಬಾರದು. 1992ರಲ್ಲಿ ಆರಂಭವಾದ ಒಂದೇ ಗೇಜಿನ ಯೋಜನೆಯಿಂದ ಕರ್ನಾಟಕದ ಮೀಟರ್‌ಗೇಜು ಮಾರ್ಗಗಳೆಲ್ಲ ಬ್ರಾಡ್‌ಗೇಜು ಆದವು. ಗದಗಿನಿಂದ ವಿಜಯಪುರದ ಮೇಲೆ ಹೊಟಗಿಗೆ ಹೋಗುವ ಮಾರ್ಗವೂ ಹಾಗೆಯೇ ಬದಲಾಯಿತು. ಹಿಂದೆ ಬೌರಿಂಗ್‌ಪೇಟೆ ಎನಿಸಿದ್ದ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಹಾಕಿದ ಮಾರ್ಗ ಬಾರ್ಸಿಯದೇ ಅಳತೆಯ, 2 ಅಡಿ 6 ಅಂಗುಲದ ಕಿರುಹಳಿಯಾಗಿತ್ತು; ಅದೂ ಈಗ ಬ್ರಾಡ್‌ಗೇಜು. ಬದಲಾವಣೆಯಿಂದ ಜನಕ್ಕೆ ಅನುಕೂಲವಾಯಿತು, ನೇರ ಗಾಡಿಗಳು ಬಂದವು. ಅದರ ಬಗೆಗೆ ದೂರಿಲ್ಲ. ಆದರೆ ಎಂಜಿನಿಗೆ ನೀರು ಕುಡಿಸುವ ಕಂಬ, ಕೈಮರದ ಸಿಗ್ನಲ್, ಹಳಿಯ ತುಂಡನ್ನೇ ತೂಗುಹಾಕಿ ಬಾರಿಸುತ್ತಿದ್ದ ಗಂಟೆ, ಹೆಂಚಿನ ಮಾಡಿನ ಕಟ್ಟಡ ಇವು ಒಂದೊಂದಾಗಿ ಹೋಗುತ್ತಿವೆ.

ಈಗ ಎರಡು ಮಾರ್ಗಗಳನ್ನು ಪಕ್ಕದಲ್ಲಿಟ್ಟು ನೋಡೋಣ. ಲೀಕ್ ಮಾರ್ಗ 13 ಕಿಲೋಮೀಟರು. ಮೂವತ್ತು ವರ್ಷ ಬಾಳಿತು. ಬಾರ್ಸಿ ಮಾರ್ಗ ಅದರ ಇಪ್ಪತ್ತನಾಲ್ಕು ಪಟ್ಟು ಉದ್ದ. ಒಂದು ಶತಮಾನ ಓಡಿತು. ಆದರೂ ಗುಜರಿಗೆ ಹೋದ ಆ ಎರಡು ಇಂಗ್ಲಿಷ್ ಎಂಜಿನುಗಳನ್ನು ಇಂದು ಹುಟ್ಟಿದ ಹುಡುಗನೂ ಮಾದರಿಯಲ್ಲಿ ಎಬ್ಬಿಸಬಲ್ಲ. ಕಾರಣ, ಅವು ಇದ್ದಾಗಲೇ ಯಾರೋ ಚಿತ್ರ ತೆಗೆದರು, ಯಾರೋ ಅಳತೆ ಬರೆದಿಟ್ಟರು. ಬಾರ್ಸಿಯ ಗಾಡಿಯಲ್ಲಿ ಬೆಂಕಿ ಹಾಕಿದವರು, ಗಂಟು ಹೊತ್ತು ಹತ್ತಿದ ಯಾತ್ರಿಕರು ಕಂಡದ್ದನ್ನು ಅಷ್ಟೇ ಶ್ರದ್ಧೆಯಿಂದ ಬರೆದಿಡುವ ಕೆಲಸ ನಮ್ಮದು. ಮುಚ್ಚಿದ ರೈಲು ಬದುಕುವುದು ಅದರ ದೊಡ್ಡತನದಿಂದಲ್ಲ, ಅಳೆದಿಟ್ಟವರ ಶ್ರಮದಿಂದ.

ಅಳೆಯುವುದಕ್ಕೆ ಕೆಲವು ಸೂಚನೆಗಳು:

ಮೊದಲಿಗೆ ಸ್ಟೇಷನ್ ಮಾಸ್ತರರ ಅಪ್ಪಣೆ ಕೇಳಿರಿ. ಹಳಿಯ ಮೇಲೆ ಇಳಿಯಬೇಡಿರಿ. ಅದು ಜೀವಕ್ಕೆ ಅಪಾಯ, ಕಾನೂನಿಗೂ ವಿರುದ್ಧ. ಬೇಕಾದದ್ದೆಲ್ಲ ಪ್ಲಾಟ್‌ಫಾರಮಿನ ಮೇಲೆಯೇ ಸಿಗುತ್ತದೆ.

ಉದ್ದವನ್ನು ಹೆಜ್ಜೆಯಿಂದ ಅಳೆಯಿರಿ. ನಿಮ್ಮ ಹತ್ತು ಹೆಜ್ಜೆ ಎಷ್ಟು ಅಡಿ ಎಂಬುದನ್ನು ಮನೆಯಲ್ಲಿ ಮೊದಲೇ ಪರೀಕ್ಷಿಸಿಕೊಂಡಿರಬೇಕು. ಎತ್ತರವನ್ನು ಇಟ್ಟಿಗೆ ಅಥವಾ ಕಲ್ಲಿನ ವರಸೆಗಳಿಂದ ತಿಳಿಯಬಹುದು. ಕೈಗೆಟಕುವ ಹತ್ತು ವರಸೆಗಳನ್ನು ಪಟ್ಟಿಯಿಂದ ಅಳೆದು, ಹತ್ತರಿಂದ ಭಾಗಿಸಿ, ಮಾಡಿನವರೆಗೆ ವರಸೆಗಳನ್ನು ಎಣಿಸಿದರೆ ಏಣಿ ಬೇಕಾಗುವುದಿಲ್ಲ.

ಹಳೆಯ ಚಿತ್ರ ಸಿಕ್ಕರೆ ಅದರಲ್ಲಿ ಹಳಿಯೇ ಅಳತೆಗೋಲು. ಗೇಜು ಎಷ್ಟೆಂದು ತಿಳಿದಿರುವುದರಿಂದ, ಎದುರಿನಿಂದ ತೆಗೆದ ಚಿತ್ರದಲ್ಲಿ ಎಂಜಿನಿನ ಅಗಲ ಆ ಹಳಿಯ ಅಗಲಕ್ಕೆ ಎಷ್ಟು ಪಾಲೆಂದು ನೋಡಿದರೆ ನಿಜವಾದ ಅಗಲ ಬರುತ್ತದೆ. ಆದರೆ ಹಳಿ ಮತ್ತು ಅಳೆಯುವ ವಸ್ತು ಎರಡೂ ಕ್ಯಾಮರಾದಿಂದ ಒಂದೇ ದೂರದಲ್ಲಿರಬೇಕು. ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಬಣ್ಣ, ಬೋರ್ಡಿನ ಅಕ್ಷರ, ಬೆಂಚಿನ ಆಕಾರ, ಮರದ ಜಾತಿ ಇವನ್ನು ಅಲ್ಲಿಯೇ ನಿಂತು ಬರೆದುಕೊಳ್ಳಿರಿ. ಊರಿನ ಹಿರಿಯರನ್ನು, ನಿವೃತ್ತ ರೈಲ್ವೆ ನೌಕರರನ್ನು ಕೇಳಿರಿ. ಯಾವ ಗಾಡಿ ಎಷ್ಟು ಹೊತ್ತಿಗೆ ಬರುತ್ತಿತ್ತು, ಯಾವ ಸರಕು ಇಳಿಯುತ್ತಿತ್ತು ಎಂಬುದು ಅಳತೆಪಟ್ಟಿಯಿಂದ ತಿಳಿಯುವುದಿಲ್ಲ.

ಊರಿಗೆ ಹೋಗಲು ರಜೆಯಿಲ್ಲದವರು ಇರುವಲ್ಲಿಯೇ ಕಣ್ಣು ಪಳಗಿಸಿಕೊಳ್ಳಬಹುದು. ಮುಂಬಯಿಯವರಿಗೆ ನೇರಳ್‌ನಿಂದ ಮಾಥೇರಾನ್‌ಗೆ ಏರುವ, 1907ರಲ್ಲಿ ಆರಂಭವಾದ 2 ಅಡಿ ಗೇಜಿನ ರೈಲು ಹತ್ತಿರದಲ್ಲಿದೆ. ಮಳೆಗಾಲ ಕಳೆದ ಮೇಲೆ ಹೋಗುವುದು ಒಳ್ಳೆಯದು. ದೆಹಲಿಯವರಿಗೆ ಚಾಣಕ್ಯಪುರಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯ, ಚೆನ್ನೈಯವರಿಗೆ ಪೆರಂಬೂರಿನ ಡಬ್ಬಿ ಕಾರ್ಖಾನೆಯ ಹತ್ತಿರದ ವಸ್ತುಸಂಗ್ರಹಾಲಯ, ಊರಿಗೆ ಹೋದಾಗ ಮೈಸೂರಿನ ರೈಲು ವಸ್ತುಸಂಗ್ರಹಾಲಯ ಇವೆ. ನಿಂತ ಎಂಜಿನನ್ನು ಸುತ್ತಿ ನೋಡಿ, ಗಾಲಿಗಳನ್ನು ಎಣಿಸಿ, ಭಾರ ಹೇಗೆ ಹಂಚಿದೆ ಎಂದು ಯೋಚಿಸಿರಿ.

ಮೊದಲ ಮಾದರಿ ಸೊಟ್ಟಗಾಗುತ್ತದೆ. ಗೋಡೆ ವಾಲುತ್ತದೆ, ಮಾಡು ಎತ್ತರವಾಗುತ್ತದೆ. ಅದನ್ನು ಎಸೆಯದೆ ದಿನಾಂಕ ಬರೆದು ಇಟ್ಟುಕೊಳ್ಳಿರಿ. ಮುಂದಿನ ರಜೆಯಲ್ಲಿ ಊರಿಗೆ ಹೋಗಿ ಬಂದ ಮೇಲೆ ಅದೇ ಸ್ಟೇಷನ್ನನ್ನು ಮತ್ತೆ ಕಟ್ಟಿರಿ. ನೆನಪು ಎಲ್ಲಿ ತಪ್ಪು ಹೇಳಿತ್ತು, ಅಳತೆ ಎಲ್ಲಿ ಸರಿಮಾಡಿತು ಎಂಬುದು ಎರಡನ್ನೂ ಪಕ್ಕದಲ್ಲಿಟ್ಟಾಗ ತಿಳಿಯುತ್ತದೆ.

ಅಭ್ಯಾಸಕ್ಕೆ

1. ನಿಮ್ಮ ಊರಿನ ಪ್ಲಾಟ್‌ಫಾರಂ 600 ಅಡಿ ಉದ್ದವಿದೆ ಎಂದು ತಿಳಿಯಿರಿ. 4 ಮಿಲಿಮೀಟರು ಪ್ರಮಾಣದಲ್ಲಿ ಅದರ ಉದ್ದವೆಷ್ಟು? ಒಂದು ಮೀಟರಿನ ಹಲಗೆಯ ಮೇಲೆ ಅದರ ಯಾವ ಭಾಗವನ್ನು ಉಳಿಸುವಿರಿ, ಏಕೆ?

2. 9 ಮಿಲಿಮೀಟರಿನ ಹಳಿಯನ್ನು ಅಡಿಗೆ ಮೂರೂವರೆ ಮಿಲಿಮೀಟರಿನ ಪ್ರಮಾಣದಲ್ಲಿ ಬಳಸಿದರೆ ಬಾರ್ಸಿಯ ಗೇಜಿಗೆ ಎಷ್ಟು ಹತ್ತಿರ ಬರುತ್ತದೆ?

3. ಬಾರ್ಸಿಯಿಂದ ಲೀಕ್‌ಗೆ ಬರುವಾಗ ಕ್ಯಾಲ್‌ತ್ರಾಪ್ ಉಳಿಸಿಕೊಂಡದ್ದು, ಬಿಟ್ಟದ್ದು, ಸೇರಿಸಿದ್ದು ಯಾವುವು? ಅದೇ ಮೂರು ಪ್ರಶ್ನೆಗಳನ್ನು ನಿಮ್ಮ ಸ್ಟೇಷನ್ನಿನ ಮಾದರಿಗೆ ಹಾಕಿಕೊಂಡು ಒಂದು ಪುಟ ಬರೆಯಿರಿ.

ಉತ್ತರಗಳನ್ನೂ ಅಳತೆಯ ಚಿತ್ರಗಳನ್ನೂ ವಾಚನಾಲಯದ ಮೇಜಿಗೆ ತಂದಿಟ್ಟರೆ ಇತರರೂ ನೋಡಿ ತಿದ್ದಬಹುದು. ಒಂದೇ ಮಾರ್ಗದ ಇಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಹೇಳುವರು.